ಏಳನೆಯ ಸಾಲು

ತೊಂಬತ್ತೇಳು. ಬೆಳಿಗ್ಗೆ ಕಾಫಿ ಸೋಸುವಾಗ, ಬ್ರೆಡ್ಡಿನ ಸಾಲಿನಲ್ಲಿ ನಿಂತಾಗ, ಈಗ ಕಡಲಗೋಡೆಯ ಪಕ್ಕದಲ್ಲಿ ಎದುರುಗಾಳಿಗೆ ಸೈಕಲ್ಲು ತುಳಿಯುವಾಗಲೂ ಮಿಗ್ದಾಲಿಯಾಳ ತಲೆಯಲ್ಲಿ ಅದೊಂದೇ ಸಂಖ್ಯೆ ಕೂತಿತ್ತು. ನಿನ್ನೆ ಸಂಜೆ ರೇಡಿಯೊ ಕೇಂದ್ರದಿಂದ ಹೊರಡುವ ಮೊದಲು, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಕಂಪ್ಯೂಟರ್ ಯಂತ್ರದ ಡಿಸ್ಕುಗಳು ಎಷ್ಟೆಷ್ಟು ತುಂಬಿವೆ ಎಂದು ನೋಡಿದ್ದಳು. ಹೊರಗಿನ ಪೆಟ್ಟಿಗೆಯಲ್ಲಿ ಕೂತಿರುವ ದೊಡ್ಡ ಡಿಸ್ಕು, ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಇಟ್ಟುಕೊಳ್ಳಲೆಂದೇ ತಂದದ್ದು, ಹೆಚ್ಚುಕಡಿಮೆ ಖಾಲಿ. ಒಳಗಿನ ಚಿಕ್ಕ ಡಿಸ್ಕು, ಯಂತ್ರವನ್ನು ಎಬ್ಬಿಸಿ ನಡೆಸುವುದಷ್ಟೇ ಅದರ ಕೆಲಸ, ನೂರಕ್ಕೆ ತೊಂಬತ್ತೇಳು ಪಾಲು ತುಂಬಿತ್ತು. ಅದು ತುಂಬುವುದಕ್ಕೆ ಕಾರಣವೇ ಇರಲಿಲ್ಲ. ಒಂದೊಂದೇ ಫೋಲ್ಡರಿನ ಲೆಕ್ಕ ಹಾಕಿ ಕೂಡಿಸಿದರೆ ಎಪ್ಪತ್ತು ಬರುತ್ತಿತ್ತು. ಉಳಿದ ಇಪ್ಪತ್ತೇಳು ಯಾವ ಫೋಲ್ಡರಿನಲ್ಲೂ ಇಲ್ಲ, ಆದರೂ ಜಾಗ ಮಾತ್ರ ಹಿಡಿದಿದೆ. ಇಂಥದ್ದನ್ನು ಹಾಗೇ ಬಿಟ್ಟು ಮನೆಗೆ ಹೋಗುವ ಹೆಂಗಸಲ್ಲ ಅವಳು. ನಿನ್ನೆ ಬಿಟ್ಟು ಹೋಗಿದ್ದಳು. ಏನೋ ಕಸ ಇರಬೇಕು, ಸಭೆ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡು ಬೀಗ ಹಾಕಿದ್ದಳು.

ಸಭೆ ಇವತ್ತು ಹತ್ತು ಗಂಟೆಗೆ. ಇರೆನೆಯೊನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆ. ಇರೆನೆಯೊ ಪುಂತಾ ಗಾರ್ಸಾದ ಈ ಪುಟ್ಟ ರೇಡಿಯೊದಲ್ಲಿ ಮೂವತ್ತೊಂದು ವರ್ಷದಿಂದ ಧ್ವನಿಮುದ್ರಣ ಮಾಡುತ್ತಿರುವವನು. ಟೇಪು ಕೇಳಿ, ಇದನ್ನು ಮುದ್ರಿಸಿದ ದಿನ ಕಿಟಕಿ ತೆರೆದಿತ್ತು, ಪಕ್ಕದ ಮನೆಯಲ್ಲಿ ಏನೋ ಕರಿಯುತ್ತಿದ್ದರು ಎಂದು ಹೇಳುವಷ್ಟು ಕಿವಿ. ಆ ಕಿವಿಯ ಜಂಬವೂ ಅಷ್ಟೇ. ಮಿಗ್ದಾಲಿಯಾಳನ್ನು ಅವನು ಇಂಜಿನಿಯರಮ್ಮ ಎಂದೇ ಕರೆಯುವುದು, ಆ ‘ಅಮ್ಮ’ವನ್ನು ಬೇಕೆಂದೇ ಎಳೆದು. ಅವಳು ಅವನನ್ನು ಬರೀ ಇರೆನೆಯೊ ಎನ್ನುತ್ತಿದ್ದಳು, ಸ್ವಲ್ಪವೂ ಎಳೆಯದೆ, ಅದರಲ್ಲೇ ಅವನಿಗೆ ಉರಿಯಬೇಕಾದಷ್ಟು ಉರಿಯುತ್ತಿತ್ತು. ಇಬ್ಬರಿಗೂ ತಮ್ಮ ತಮ್ಮ ಕೆಲಸ ಗೊತ್ತಿತ್ತು, ಇಬ್ಬರಿಗೂ ಅದು ಗೊತ್ತಿದೆ ಎಂದು ಊರಿಗೆಲ್ಲ ಗೊತ್ತಿರಬೇಕಿತ್ತು. ಅಂಥ ಇಬ್ಬರು ಒಂದೇ ಓಣಿಯಲ್ಲಿ ಎದುರುಬದುರು ಕೋಣೆಯಲ್ಲಿದ್ದರೆ ಇನ್ನೇನಾಗುತ್ತದೆ.

ಎರಡು ವರ್ಷದ ಹಿಂದೆ ತೀರಿಕೊಂಡ ಆಶುಕವಿ ಕ್ರೆಸೆನ್ಸಿಯೊನ ಹದಿನೈದು ಕ್ಯಾಸೆಟ್ಟುಗಳನ್ನು ಅವನ ಮಗಳು ಹೊನೋರಿನಾ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ತಂದಿದ್ದಳು. ಮುದುಕ ಓದು ಬರಹ ಇಲ್ಲದವನು. ಕೊಟ್ಟ ವಿಷಯಕ್ಕೆ ನಿಂತ ನಿಲುವಿನಲ್ಲೇ ಹತ್ತು ಸಾಲಿನ ಪದ್ಯ ಕಟ್ಟಿ ಹಾಡುತ್ತಿದ್ದ. ಒಂದನ್ನೂ ಬರೆದಿಡಲಿಲ್ಲ. ಕ್ಯಾಸೆಟ್ಟುಗಳಿಗೆ ಕಡಲಗಾಳಿಯ ಬೂಷ್ಟು ಹತ್ತಿತ್ತು. ಒಂದು ಸಲ ಓಡಿದರೆ ಅದೇ ಕೊನೆ, ಎಂದಿದ್ದ ಇರೆನೆಯೊ. ಹಾಗೇ ಆಯಿತು. ಅವನು ಬಾಗಿಲು ಹಾಕಿಕೊಂಡು, ಬೆರಳಿನಿಂದ ಗಾಲಿ ತಿರುಗಿಸುತ್ತ, ಒಂದೊಂದನ್ನೇ ಓಡಿಸಿ ಯಂತ್ರಕ್ಕೆ ಇಳಿಸಿದ. ಓಡಿದ ಟೇಪು ಪುಡಿಪುಡಿಯಾಗಿ ಉದುರಿತು. ಹದಿನೈದೂ ಮುಗಿದ ಮೇಲೆ ನೋಡಿದರೆ ಡಿಸ್ಕಿನಲ್ಲಿ ಇದ್ದದ್ದು ನಾಲ್ಕೇ. ಹನ್ನೊಂದು ಇಲ್ಲ. ನಿರ್ದೇಶಕ ಎರಿಬೆರ್ತೊ ಕೇಳಿದ್ದಕ್ಕೆ ಇರೆನೆಯೊ ಹೇಳಿದ್ದು ಇಷ್ಟು: “ಮೊದಲಿನ ನಾಲ್ಕು ಕಳೆದುಹೋಗಿತ್ತು, ಈಗ ಬಂದಿದೆ. ಆಮೇಲಿನ ಹನ್ನೊಂದು ಇತ್ತು, ಈಗ ಹೋಗಿದೆ.” ಇಂಥ ಮಾತನ್ನು ಯಾರು ನಂಬುತ್ತಾರೆ. ಪ್ರಸಾರಕರು ಅದನ್ನೇ ತಮಾಷೆ ಮಾಡಿಕೊಂಡು, ಯಾರ ಪೆನ್ನು ಕಳೆದರೂ “ಇರೆನೆಯೊ ಹತ್ರ ಕೇಳು, ಹೋಗಿ ಬರ್ತದೆ” ಎನ್ನುತ್ತಿದ್ದರು. ಜೂನಿನಲ್ಲಿ ಸ್ಪೇನಿನಿಂದ ಯಾರೋ ಹಾಡು ಸಂಗ್ರಹಿಸುವವನು ಬಂದು ಅವನ ಜೊತೆ ಎರಡು ದಿನ ಕೂತಿದ್ದ. ಅವನಿಗೆ ಕೊಟ್ಟು ಇಲ್ಲಿಯದನ್ನು ಅಳಿಸಿದ್ದಾನೆ ಎಂದು ಮೊದಲು ಪಿಸುಗುಟ್ಟಿದರು, ಆಮೇಲೆ ಜೋರಾಗಿಯೇ ಹೇಳಿದರು.

ಇದಕ್ಕೆಲ್ಲ ಮೊಹರು ಬಿದ್ದದ್ದು ಮಿಗ್ದಾಲಿಯಾಳ ವರದಿಯಿಂದ. ಎರಿಬೆರ್ತೊ ಕೇಳಿದಾಗ ಅವಳು ಮೂರು ದಿನ ಕೂತು ದೊಡ್ಡ ಡಿಸ್ಕಿನ ಮೂಲೆ ಮೂಲೆ ಕೆದಕಿದ್ದಳು. ಅಳಿಸಿದ ಕಡತ ಕೂಡ ಗುರುತು ಬಿಟ್ಟು ಹೋಗುತ್ತದೆ, ಇಲ್ಲಿ ಗುರುತೂ ಇರಲಿಲ್ಲ. “ಸದರಿ ಹನ್ನೊಂದು ಕಡತಗಳು ಈ ಡಿಸ್ಕಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ” ಎಂದು ಬರೆದು, ತನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದಳು. ಆ ವಾಕ್ಯ ಬರೆದಾಗ ಅವಳಿಗೆ ಖುಷಿಯಾಗಿತ್ತು. ‘ಇದ್ದಿರಲಾರವು’ ಅಲ್ಲ, ‘ಕಂಡುಬರಲಿಲ್ಲ’ ಅಲ್ಲ, ‘ಯಾವ ಕಾಲಕ್ಕೂ ಇರಲಿಲ್ಲ’. ಇಡೀ ಪ್ರಾಂತ್ಯದಲ್ಲಿ ಇಷ್ಟು ಖಚಿತವಾಗಿ ಒಂದು ವಾಕ್ಯ ಬರೆದು ಅದರ ಕೆಳಗೆ ನಿಲ್ಲಬಲ್ಲವರು ಎಷ್ಟು ಜನ ಇದ್ದಾರೆ, ಹೇಳಿ ನೋಡೋಣ.

ಕೇಂದ್ರಕ್ಕೆ ಬಂದಾಗ ಒಂಬತ್ತಾಗಿತ್ತು. ಹೊನೋರಿನಾ ಆಗಲೇ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದಳು, ಕೈಚೀಲವನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡು. “ಮಗಳೇ, ಏನಾದ್ರೂ ಸಿಕ್ತಾ?” ಎಂದಳು. ಮಿಗ್ದಾಲಿಯಾ ಇಲ್ಲವೆಂದು ತಲೆಯಲ್ಲಾಡಿಸಿ ಸೈಕಲ್ಲಿಗೆ ಬೀಗ ಹಾಕಿದಳು. ಓಣಿಯ ಕೊನೆಯಲ್ಲಿ ಇರೆನೆಯೊ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನ ಗುಂಡಿಯವರೆಗೂ ಹಾಕಿಕೊಂಡಿದ್ದ, ಮದುವೆಗೆ ಹೊರಟವನ ಹಾಗೆ. ಅವಳನ್ನು ನೋಡಿ ಗೋಡೆಯ ಕಡೆ ತಿರುಗಿದ. ಇಂಜಿನಿಯರಮ್ಮ ಎನ್ನಲಿಲ್ಲ. ಎನ್ನಬಹುದಿತ್ತು ಎಂದು ಅವಳಿಗೆ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಬಂತು. ಜೂನಿನಲ್ಲಿ ಇದೇ ಓಣಿ, ಇದೇ ಹೊತ್ತು. ಅವನು ಬಾಗಿಲಿನಿಂದ ತಲೆ ಹಾಕಿ, “ಇಂಜಿನಿಯರಮ್ಮ, ಮೊನ್ನೆಯ ನಾಲ್ಕು ಕಾಣ್ತಾ ಇಲ್ವಲ್ಲ. ಫೋಲ್ಡರು ಖಾಲಿ ಹೊಡೀತಿದೆ” ಎಂದಿದ್ದ. ಅವಳ ಸುತ್ತ ಮೂವರು ಪ್ರಸಾರಕರಿದ್ದರು. “ನಾನು ಕಟ್ಟಿದ ಯಂತ್ರದಲ್ಲಿ ಫೈಲು ಎದ್ದು ನಡ್ಕೊಂಡು ಹೋಗಲ್ಲ, ಇರೆನೆಯೊ.” “ಹೋಗಿದ್ಯೋ ಕೂತಿದ್ಯೋ ನಂಗೇನು ಗೊತ್ತು, ಕಾಣ್ತಿಲ್ಲ ಅಂದೆ. ಒಂದ್ಸಲ ಬಂದು ನೋಡು.” “ಕಿವಿ ಬಂಗಾರದ್ದು, ಒಪ್ಪಿದೆ. ಕಣ್ಣನ್ನ ಒಂದ್ಸಲ ಡಾಕ್ಟರಿಗೆ ತೋರಿಸ್ಕೊ.” ಮೂವರೂ ಘೊಳ್ಳೆಂದು ನಕ್ಕಿದ್ದರು. ಅವನ ಕಿವಿಯ ತುದಿಯವರೆಗೂ ಕೆಂಪಾಗಿತ್ತು. ಬಾಗಿಲು ಮುಚ್ಚಿಕೊಂಡು ಒಳಗೆ ಹೋದವನು ಮತ್ತೆ ಕೇಳಲಿಲ್ಲ. ಕೇಳದೆ ಹತ್ತೊಂಬತ್ತು ದಿನ ಕೆಲಸ ಮಾಡಿದ. ಅವಳಿಗೆ ಇದು ನೆನಪಿರಲಿಲ್ಲವೆಂದಲ್ಲ. ವರದಿ ಬರೆಯುವಾಗಲೂ ನೆನಪಿತ್ತು. ಅದು ವರದಿಗೆ ಸಂಬಂಧಪಟ್ಟದ್ದಲ್ಲ ಎಂದು ತೀರ್ಮಾನಿಸಿದ್ದಳು.

ನೀರು ಕುಡಿಯಲು ಊಟದ ಕೋಣೆಗೆ ಹೋದಳು. ಸಭೆ ಅಲ್ಲೇ. ಅಡುಗೆಯವಳು ಉದ್ದ ಮೇಜಿಗೆ ಸಭೆಯ ಹಸಿರು ಬಟ್ಟೆ ಹಾಸುತ್ತಿದ್ದಳು, ಬೆಳಗಿನ ತಿಂಡಿಯ ಮೇಜನ್ನು ಒರೆಸಿಯೂ ಇರಲಿಲ್ಲ. ಬಟ್ಟೆ ಜಗ್ಗಿ ಸರಿಮಾಡಿದ ಮೇಲೆ ಒಂದು ಕಡೆ ಉಬ್ಬಿ ನಿಂತಿತು. “ಅಯ್ಯೋ, ಚಮಚ ಅಡೀಲೇ ಉಳೀತು. ಎಲ್ಲಾ ಚಮಚ ಎಣಿಸ್ತೀನಿ, ಒಂದು ಕಡಿಮೆ ಬರ್ತಿತ್ತು” ಎಂದು ಅಡುಗೆಯವಳು ಬಟ್ಟೆಯ ಕೆಳಗೆ ಕೈಹಾಕಿ ತೆಗೆದಳು. ಮಿಗ್ದಾಲಿಯಾ ಲೋಟವನ್ನು ಬಾಯಿಗೆ ಇಟ್ಟುಕೊಂಡೇ ನಿಂತಳು. ಎಣಿಸಿದರೆ ಕಡಿಮೆ, ಜಾಗ ಮಾತ್ರ ಹಿಡಿದಿದೆ. ಲೋಟ ಇಟ್ಟಳೋ ಬಿಟ್ಟಳೋ ತಿಳಿಯದೆ ಯಂತ್ರದ ಕೋಣೆಗೆ ನಡೆದಳು. ಓಡಲಿಲ್ಲ. ಓಡುವುದನ್ನು ಯಾರಾದರೂ ನೋಡಿದರೆ ಎಂದು ಆಗಲೂ ಯೋಚಿಸಿದಳು.

ಯಂತ್ರ ಎಚ್ಚರಗೊಳ್ಳುವಾಗ ಓದುವ ಒಂದು ಚಿಕ್ಕ ಕಡತವಿದೆ. ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ತಂದು ಜೋಡಿಸಬೇಕು, ಯಾವ ಕರಾರಿನ ಮೇಲೆ, ಒಂದು ಡಿಸ್ಕಿಗೆ ಒಂದು ಸಾಲು. ಬೇರೆಯವರು ಅದನ್ನು ಹೇಗೆಂದರೆ ಹಾಗೆ ಗೀಚಿರುತ್ತಾರೆ. ಅವಳದ್ದು ನೋಡಬೇಕು. ಆರು ಕಂಬಸಾಲುಗಳು, ಪ್ರತಿಯೊಂದರಲ್ಲೂ ಪದಗಳು ಒಂದರ ಕೆಳಗೊಂದು ತಪ್ಪದೆ ನಿಂತಿವೆ. ಡಿಸ್ಕುಗಳನ್ನು ಮೊದಲನೆಯದು ಎರಡನೆಯದು ಎಂದು ಕರೆದಿಲ್ಲ, ಏಕೆಂದರೆ ಕರೆಂಟು ಹೋಗಿ ಬಂದಾಗ ಯಾವುದು ಮೊದಲು ಏಳುತ್ತದೋ ದೇವರಿಗೇ ಗೊತ್ತು. ಪ್ರತಿಯೊಂದನ್ನೂ ಅದರ ಮೇಲೆ ಕೂರಿಸಿದ ಮೂವತ್ತೆರಡು ಅಕ್ಷರಗಳ ಗುರುತಿನಿಂದಲೇ ಹೆಸರಿಸಿದ್ದಾಳೆ, ಆ ಗುರುತುಗಳು ಅವಳಿಗೆ ಬಾಯಿಪಾಠ. ಪ್ರತಿ ಸಾಲಿನ ಮೇಲೂ ಒಂದು ಟಿಪ್ಪಣಿ: ಯಾವ ತಾರೀಕು ಬದಲಾಯಿಸಿದ್ದು, ಯಾಕೆ, ಯಾರು. ಪ್ರಾಂತ್ಯದ ಕೇಂದ್ರದಿಂದ ಬಂದ ತಂತ್ರಜ್ಞರು ಈ ಕಡತವನ್ನು ನೋಡಿ ನಕಲು ಮಾಡಿಕೊಂಡು ಹೋಗಿದ್ದರು. ಏಳನೆಯ ಸಾಲು ದೊಡ್ಡ ಡಿಸ್ಕಿನದ್ದು. ಅದರ ಮೇಲೆ ಟಿಪ್ಪಣಿ ಇರಲಿಲ್ಲ. ಅವಳ ಕೈಯಿಂದಲೇ ಬರೆದ, ಟಿಪ್ಪಣಿಯಿಲ್ಲದ ಒಂದೇ ಸಾಲು. ಕರಾರಿನ ಕಂಬಸಾಲಿನಲ್ಲಿ ಒಂದು ಇಂಗ್ಲಿಷ್ ಪದ, ಆರೇ ಅಕ್ಷರ: ನೋಫೇಲ್. ಅಂದರೆ ಈ ಡಿಸ್ಕು ಬಾರದಿದ್ದರೂ ಚಿಂತೆಯಿಲ್ಲ, ನೀನು ನಡೆ.

ಯಾಕೆ ಎಂದು ಟಿಪ್ಪಣಿ ಬರೆಯಲು ಹೋಗಿದ್ದರೆ ಏನೆಂದು ಬರೆಯುತ್ತಿದ್ದಳು. ಮೇ ತಿಂಗಳು, ಪ್ರಾಂತ್ಯದಿಂದ ಅತಿಥಿಗಳು ಬಂದಿದ್ದರು. ಕರೆಂಟು ಹೋಗಿ ಬಂತು. ದೊಡ್ಡ ಡಿಸ್ಕಿನ ಪೆಟ್ಟಿಗೆಗೆ ಬೇರೆಯೇ ಅಡಾಪ್ಟರು, ಎರಡು ಸಲ ಅವಳೇ ಬೆಸುಗೆ ಹಾಕಿ ಬದುಕಿಸಿದ್ದು, ಏಳುವುದಕ್ಕೆ ಸೋಮಾರಿ. ಯಂತ್ರ ತೊಂಬತ್ತು ಸೆಕೆಂಡು ಕಾಯಿತು, ಡಿಸ್ಕು ಬರಲಿಲ್ಲ, ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ನಿಂತುಬಿಟ್ಟಿತು. ಮಧ್ಯಾಹ್ನದ ಕಾರ್ಯಕ್ರಮಕ್ಕೆ ಹಾಡಿಲ್ಲ. ಅವಳು ಔಷಧಿ ಅಂಗಡಿಯ ಸಾಲಿನಲ್ಲಿದ್ದಳು, ಯಾರೋ ಹೋಗಿ ಕರೆತಂದರು, ಬೆವರು ಸುರಿಸಿಕೊಂಡು ಬಂದಳು. “ಇದೇನು ಯಂತ್ರಾನಾ, ಕೂಸಾ?” ಎಂದ ಎರಿಬೆರ್ತೊ, ಅತಿಥಿಗಳ ಮುಂದೆ. “ಪ್ರತಿ ಸಲ ಇವಳು ಬಂದು ತಟ್ಟಿ ಎಬ್ಬಿಸ್ಬೇಕು. ಅದೂ ಆ ಡಿಸ್ಕಲ್ಲಿ ಏನಿದೆ? ಏನೂ ಇಲ್ಲ! ಖಾಲಿ ಡಿಸ್ಕಿಗೋಸ್ಕರ ಇಡೀ ರೇಡಿಯೊ ಬಾಯಿಮುಚ್ಕೊಂಡು ಕೂರ್ಬೇಕು.” ಅತಿಥಿಗಳು ಸೌಜನ್ಯಕ್ಕೆಂದು ನಕ್ಕರು. ಒಂದು ಭಾಗ ಇಲ್ಲದಿದ್ದಾಗ ನಿಲ್ಲುವುದೇ ಸರಿ, ಏನೋ ಇಲ್ಲ ಎಂದು ಗೊತ್ತಾಗದೆ ನಡೆಯುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು, ಹೇಳಲು ಬಾಯೂ ತೆರೆದಿದ್ದಳು. ಆದರೆ ರವಿಕೆ ಬೆನ್ನಿಗೆ ಅಂಟಿತ್ತು, ಕೂದಲು ಹಣೆಗೆ ಅಂಟಿತ್ತು, ಮತ್ತು ಆ ಸ್ಥಿತಿಯಲ್ಲಿ ಸರಿಯಾದ ಮಾತಾಡಲು ಅವಳಿಗೆ ಮನಸ್ಸಾಗಲಿಲ್ಲ. ಸಂಜೆ ಆ ಆರು ಅಕ್ಷರ ಹೊಡೆದಳು. ತಗೋ, ಇನ್ನು ನಿನ್ನ ಯಂತ್ರ ಯಾವತ್ತೂ ನಿಲ್ಲಲ್ಲ. ಮುಂದಿನ ಸಲ ಕರೆಂಟು ಬಂದಾಗ ಅದು ತಾನಾಗಿ ಎದ್ದಿತು, ಎರಿಬೆರ್ತೊ ಓಣಿಯಲ್ಲಿ ಅವಳ ಬೆನ್ನು ತಟ್ಟಿದ. ಅವಳೂ ತಟ್ಟಿಸಿಕೊಂಡಳು. ವರ್ಷದ ಉತ್ತಮ ಕೆಲಸಗಾರಳೆಂಬ ಕಾಗದ ಈಗ ಈ ಕೋಣೆಯ ಗೋಡೆಯ ಮೇಲೇ ಇದೆ.

ಒಂಬತ್ತೂ ಇಪ್ಪತ್ತು. ಹತ್ತೂವರೆಗೆ ಈ ಬೀದಿಗಳ ಸರದಿ, ಕರೆಂಟು ಹೋಗುತ್ತದೆ. ಅವಳು ದೊಡ್ಡ ಡಿಸ್ಕನ್ನು ಫೋಲ್ಡರಿನಿಂದ ಕಳಚುವ ಆಜ್ಞೆ ಕೊಟ್ಟಳು. ಡಿಸ್ಕು ಕಳಚಿಕೊಂಡಿತು. ಈಗ ಅದೇ ಹೆಸರಿನ ಫೋಲ್ಡರು, ಡಿಸ್ಕಿಲ್ಲದೆ, ಬರಿದಾಗಿ ಇರಬೇಕಾದದ್ದು. ಒಳಗೆ ಏನಿದೆ ತೋರಿಸು ಎಂದಳು. ಹನ್ನೊಂದು ಹೆಸರುಗಳು ಪರದೆಯ ಮೇಲೆ ಇಳಿದವು. ಕ್ರೆಸೆನ್ಸಿಯೊ ಐದು, ಕ್ರೆಸೆನ್ಸಿಯೊ ಆರು, ಹದಿನೈದರವರೆಗೆ, ಇರೆನೆಯೊನ ಅಚ್ಚುಕಟ್ಟಾದ ಸಂಖ್ಯೆಗಳೊಂದಿಗೆ, ತಾರೀಕಿನೊಂದಿಗೆ. ಜೂನಿನಲ್ಲಿ ಒಂದು ದಿನ ಡಿಸ್ಕು ಏಳಲಿಲ್ಲ. ಯಂತ್ರ ಮಾತ್ರ, ಅವಳು ಹೇಳಿಕೊಟ್ಟ ಹಾಗೆ, ನಡೆಯಿತು. ಇರೆನೆಯೊ ಹತ್ತೊಂಬತ್ತು ದಿನ ಮುದ್ರಿಸಿದ್ದೆಲ್ಲ ಡಿಸ್ಕಿನ ಜಾಗದಲ್ಲಿದ್ದ ಖಾಲಿ ಫೋಲ್ಡರಿಗೆ, ಅಂದರೆ ಒಳಗಿನ ಚಿಕ್ಕ ಡಿಸ್ಕಿಗೆ ಬಿತ್ತು. ಜುಲೈಯಲ್ಲಿ ಮತ್ತೆ ಕರೆಂಟು ಹೋಗಿ ಬಂದಾಗ ದೊಡ್ಡ ಡಿಸ್ಕು ಎದ್ದು ಬಂದು ಅದರ ಮೇಲೆ ಕೂತಿತು. ಅವನು ಹೇಳಿದ್ದು ಅಕ್ಷರಶಃ ನಿಜ. ಅವಳು ಬರೆದದ್ದೂ ಅಕ್ಷರಶಃ ನಿಜ, ಆ ಹನ್ನೊಂದು ಆ ಡಿಸ್ಕಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಅವಳಿಗೆ ಜೋರಾಗಿ ಅಳಬೇಕೆನಿಸಿತು, ನಗಬೇಕೆಂದೂ ಅನಿಸಿತು. ಹೆಡ್‌ಫೋನು ಹಾಕಿಕೊಂಡು ಏಳನೆಯದನ್ನು ತೆರೆದಳು. ಗಿಟಾರಿನ ತಂತಿ ಬಿಗಿಯುವ ಸದ್ದು. ಮುದುಕ ಕೆಮ್ಮಿದ. “ತಡಿ, ತಡಿ, ಆ ನಾಯೀನ ಹೊರಗೆ ಹಾಕಿ, ನಂಗಿಂತ ಚೆನ್ನಾಗಿ ಪ್ರಾಸ ಹಿಡೀತದೆ ಮುಂಡೇದು” ಎಂದ. ಯಾರೋ ಹೆಣ್ಣುಮಗಳು ನಕ್ಕಳು. ಹೊರಗೆ ಬೆಂಚಿನ ಮೇಲೆ ಕೂತಿರುವವಳದೇ ಇರಬೇಕು ಆ ನಗು.

ದೊಡ್ಡ ಡಿಸ್ಕನ್ನು ಬೇರೊಂದು ಫೋಲ್ಡರಿಗೆ ಜೋಡಿಸಿ, ಹನ್ನೊಂದನ್ನೂ ಅದಕ್ಕೆ ನಕಲು ಮಾಡಲು ಹಾಕಿದಳು. ನಕಲಾಗುತ್ತಿರುವಾಗ ಮನಸ್ಸು ಒಂದು ಕೆಲಸ ಮಾಡಿತು, ಅದನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ. ಇದು ಯಾರಿಗೂ ಗೊತ್ತಾಗಬೇಕಿಲ್ಲ ಎಂದಿತು ಮನಸ್ಸು, ಬಹಳ ತಣ್ಣಗೆ. ಏಳನೆಯ ಸಾಲನ್ನು ಓದಬಲ್ಲವರು ಈ ಊರಿನಲ್ಲಿ ಇಲ್ಲ. ಆರು ಅಕ್ಷರ ಈಗಲೇ ಅಳಿಸಿದರೆ ಅವು ಇದ್ದವೆಂಬುದಕ್ಕೆ ಸಾಕ್ಷಿಯೇ ಇಲ್ಲ. ಮೂರು ದಿನ ಹುಡುಕಿದರೂ ಸಿಗದಿದ್ದದ್ದನ್ನು ನಾಲ್ಕನೆಯ ದಿನ ಹುಡುಕಿ ತೆಗೆದಳು, ಅಷ್ಟೇ ಸುದ್ದಿ. ಕ್ರೆಸೆನ್ಸಿಯೊನ ದನಿಯನ್ನು ಉಳಿಸಿದವಳು. ಇರೆನೆಯೊನಿಗೂ ಒಳ್ಳೆಯದೇ, ಕಡತ ಸಿಕ್ಕಿತಲ್ಲ, ಕೆಲಸ ಉಳಿಯುತ್ತದೆ. ಇಷ್ಟೆಲ್ಲ ಯೋಚಿಸುತ್ತಿದ್ದವಳು ಅವಳೇ. ಹಿಂದೆ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಒಂದು ದಶಾಂಶ ತಪ್ಪಿದರೂ ಪೂರ್ತಿ ಅಂಕ ಕಳೆಯುತ್ತಿದ್ದ ಮಿಗ್ದಾಲಿಯಾ.

ಎರಿಬೆರ್ತೊ ಬಾಗಿಲಲ್ಲಿ ಬಂದು ನಿಂತಿದ್ದ. “ಬರ್ತೀಯಾ? ಎಲ್ಲಾ ಸೇರಿದಾರೆ. ವರದಿ ನೀನೇ ಓದಿಬಿಡು, ಬೇಗ ಮುಗಿಸೋಣ.”

“ಸಿಕ್ಕಿದೆ,” ಎಂದಳು. “ಹನ್ನೊಂದೂ.”

ಅವನು ಬಾಯಿ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದ. “ಭೇಷ್, ಭೇಷ್! ಗೊತ್ತಿತ್ತು ನಂಗೆ. ಅವನು ಅಳಿಸಿದ್ದನ್ನ ಬೇರೆ ಯಾರು ಎಬ್ಬಿಸ್ತಾರೆ, ನೀನಲ್ದೆ?” ಅವಳಿಗೆ ಭುಜದ ಮೇಲಿನ ಕೈ ಹಿತವಾಗಿತ್ತು. ಓಣಿಯುದ್ದಕ್ಕೂ ಅವನ ಜೊತೆ ನಡೆದಳು, ಅವನು ಮಾತಾಡುತ್ತಿದ್ದ, ಅವಳು ಅವನ ಮಾತನ್ನು ತಿದ್ದದೆ ನಡೆದಳು.

ಹಸಿರು ಬಟ್ಟೆಯ ಸುತ್ತ ಇಪ್ಪತ್ತು ಜನ ಇದ್ದರು. ಇರೆನೆಯೊನಿಗೆ ಕುರ್ಚಿ ಇರಲಿಲ್ಲ, ಅಥವಾ ಅವನು ಕೂತಿರಲಿಲ್ಲ. ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದ. ಎರಿಬೆರ್ತೊ ಕೂರುವ ಮೊದಲೇ ಶುರುಮಾಡಿದ. “ಗೆಳೆಯರೇ, ಒಂದು ಸಂತೋಷದ ಸುದ್ದಿ. ಕ್ರೆಸೆನ್ಸಿಯೊನ ಹನ್ನೊಂದು ಕ್ಯಾಸೆಟ್ಟಿನ ದನಿ ವಾಪಸ್ ಬಂದಿದೆ. ಅಳಿಸಿಹೋಗಿದ್ದನ್ನ ನಮ್ಮ ಮಿಗ್ದಾಲಿಯಾ ಬಗೆದು ತೆಗೆದಿದಾಳೆ. ಯಾರು ಅಳಿಸಿದ್ದು ಅನ್ನೋದು ಬೇರೆ ವಿಷಯ, ಅದನ್ನ ಆಮೇಲೆ ನೋಡೋಣ.” ಚಪ್ಪಾಳೆ ಬಿತ್ತು. ಹೊನೋರಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಮಿಗ್ದಾಲಿಯಾ ಚಪ್ಪಾಳೆಯನ್ನು ಕೇಳಿದಳು. ಚೆನ್ನಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ತುಂಬ ಚೆನ್ನಾಗಿತ್ತು. ಆಗ ಅವಳು ಇರೆನೆಯೊನ ಮುಖ ನೋಡಿದಳು. ಅವನೂ ಚಪ್ಪಾಳೆ ತಟ್ಟುತ್ತಿದ್ದ. ಕಣ್ಣು ತುಂಬಿಕೊಂಡು, ಎಲ್ಲರಿಗಿಂತ ಜೋರಾಗಿ, ತನ್ನನ್ನು ಕಳ್ಳನೆಂದು ಈಗಷ್ಟೇ ಕರೆದದ್ದು ಕಿವಿಗೇ ಬೀಳದವನ ಹಾಗೆ. ಅವನಿಗೆ ಕಡತ ಸಿಕ್ಕಿದ್ದೇ ಸಾಕಾಗಿತ್ತು. ಇದನ್ನು ನೋಡಿದ ಮೇಲೆ ಅವಳಿಗೆ ಕೂತಿರಲು ಆಗಲಿಲ್ಲ. ಅವನ ಮೇಲೆ ಕನಿಕರ ಬಂತೆಂದಲ್ಲ. ಅವನು ತನಗಿಂತ ದೊಡ್ಡವನಾಗಿ ನಿಂತಿದ್ದಾನೆ ಎಂದು ಅನಿಸಿತು, ಅದನ್ನು ಅವಳು ಸಹಿಸುವವಳಲ್ಲ.

“ಯಾರೂ ಅಳಿಸಿಲ್ಲ,” ಎಂದಳು ಎದ್ದು ನಿಂತು.

“ಇರಲಿ ಬಿಡು, ಆಮೇಲೆ—”

“ಆಮೇಲೆ ಅಲ್ಲ, ಎರಿಬೆರ್ತೊ, ಈಗ. ನನ್ನ ವರದಿ ಓದು ಅಂದ್ಯಲ್ಲ, ಓದ್ತೀನಿ. ಈ ಕಡತಗಳು ಈ ಡಿಸ್ಕಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ನಿಜ. ಯಾಕಂದ್ರೆ ಅವು ಅದರ ಅಡೀಲಿದ್ವು.” ಪ್ರಸಾರಕನೊಬ್ಬ ನಕ್ಕ. ಅವಳು ಅವನನ್ನು ನೋಡಿದಳು, ಅವನು ನಗು ನಿಲ್ಲಿಸಿದ. “ದೊಡ್ಡ ಡಿಸ್ಕು ಬರ್ದೆ ಇದ್ರೆ ಯಂತ್ರ ನಿಲ್ಲಬೇಕು. ಮುಂಚೆ ನಿಲ್ತಿತ್ತು. ಮೇ ತಿಂಗಳಲ್ಲಿ ನಾನು ಒಂದು ಪದ ಸೇರಿಸಿ, ಬರ್ದೆ ಇದ್ರೂ ನಡಿ ಅಂದೆ. ಅದು ನಡೀತು. ಇರೆನೆಯೊ ಮುದ್ರಿಸಿದ್ದು ಸರಿಯಾದ ಫೋಲ್ಡರಿಗೇ, ಸರಿಯಾದ ಹೆಸರಲ್ಲೇ. ಅಲ್ಲಿ ಡಿಸ್ಕೇ ಇರಲಿಲ್ಲ. ಆಮೇಲೆ ಡಿಸ್ಕು ಬಂದು ಅದರ ಮೇಲೆ ಕೂತ್ಕೊಂಡಿತು. ಮುಚ್ಚಿಹೋಯ್ತು. ಅಷ್ಟೆ.”

“ಸಣ್ಣ ತಾಂತ್ರಿಕ ದೋಷ,” ಎಂದ ಎರಿಬೆರ್ತೊ. ಅವನ ಕಿವಿ ಕೆಂಪಗಾಗಿತ್ತು, ಮೇ ತಿಂಗಳು ಅವನಿಗೂ ನೆನಪಾಗಿರಬೇಕು.

“ದೋಷ ಅಲ್ಲ, ನನ್ನ ತಪ್ಪು. ಯಂತ್ರ ನಾನು ಹೇಳಿದ್ದನ್ನೇ ಮಾಡಿದೆ. ಅದು ಒಂದೇ ಒಂದು ಸಲಾನೂ ತಪ್ಪಿಲ್ಲ.” ಇದನ್ನು ಹೇಳುವಾಗ ಅವಳಿಗೆ ನಾಚಿಕೆಯಿಂದ ಮೈ ಬಿಸಿಯಾಗಿತ್ತು. ಆದರೆ ಆ ನಾಚಿಕೆಯೊಳಗೇ, ಏನು ಮಾಡುವುದು, ಹೆಮ್ಮೆಯೂ ಇತ್ತು: ಈ ತಪ್ಪನ್ನು ಇಷ್ಟು ನೆಟ್ಟಗೆ, ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಬಲ್ಲವಳು ತಾನೊಬ್ಬಳೇ. “ಇನ್ನೊಂದು ಇದೆ. ಜೂನಲ್ಲೇ ಅವನು ನಂಗೆ ಹೇಳಿದ್ದ. ಫೋಲ್ಡರು ಖಾಲಿ, ಬಂದು ನೋಡು ಅಂದಿದ್ದ. ನಾನು ಹೋಗಲಿಲ್ಲ. ಅವನನ್ನ ನಿಮ್ಮೆದುರಿಗೆ ನಗೆಪಾಟಲು ಮಾಡಿ ಕಳಿಸ್ದೆ. ನೀವು ಮೂವರೂ ಇದ್ರಿ.” ಮೂವರು ಪ್ರಸಾರಕರೂ ಹಸಿರು ಬಟ್ಟೆಯನ್ನು ನೋಡಿದರು. “ಅವತ್ತು ಎದ್ದು ಹತ್ತು ಹೆಜ್ಜೆ ಹೋಗಿದ್ರೆ ಇವತ್ತು ಈ ಸಭೆ ಇರ್ತಿರಲಿಲ್ಲ.”

ಹೊನೋರಿನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ನಂಗೆ ಈ ಅಡಿ ಮೇಲೆ ಒಂದೂ ಅರ್ಥವಾಗಲಿಲ್ಲ,” ಎಂದಳು. “ಅಪ್ಪನ ದನಿ ಇದೆಯೋ ಇಲ್ವೋ?”

“ಇದೆ ಅಮ್ಮ. ನಾಯಿಗೆ ಬೈದಿದ್ದೂ ಇದೆ.”

“ಹಾಗಿದ್ರೆ ಈ ಮನುಷ್ಯನ್ನ ಯಾಕೆ ನಿಲ್ಲಿಸಿದೀರಿ?” ಎಂದು ಅವಳು ಎದ್ದು ತನ್ನ ಕುರ್ಚಿಯನ್ನೇ ಕಿಟಕಿಯ ಕಡೆ ತಳ್ಳಿದಳು. ಇರೆನೆಯೊ ಕೂರಲಿಲ್ಲ. ಹಾಗೇ ನಿಂತು, ಮಿಗ್ದಾಲಿಯಾಳನ್ನು ನೋಡಿ, “ಬರೆದುಕೊಡು,” ಎಂದ. “ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ನನ್ನ ಮೇಲೆ ಬರೆದಿದ್ದು ಕಾಗದದಲ್ಲಿದೆ. ಇದೂ ಕಾಗದದಲ್ಲಿ ಬೇಕು, ಪೂರ್ತಿ ಹೆಸರು ಹಾಕಿ.”

ಅವಳು ಅಲ್ಲೇ ಕೂತು ಬರೆದಳು. ತಾರೀಕು, ಕಾರಣ, ಯಾರು. ಕಾರಣದ ಹತ್ತಿರ ಬಂದಾಗ ಪೆನ್ನು ನಿಂತಿತು. ಎರಿಬೆರ್ತೊನ ಹೆಸರು ಹಾಕಬಹುದಿತ್ತು, ಅತಿಥಿಗಳ ಮುಂದೆ ಅವನಾಡಿದ್ದನ್ನು ಹಾಕಬಹುದಿತ್ತು. ಹಾಕಲಿಲ್ಲ. ‘ಸರಿಯಲ್ಲವೆಂದು ಗೊತ್ತಿದ್ದೂ ಸಿಟ್ಟಿನಲ್ಲಿ’ ಎಂದು ಬರೆದಳು. ಇರೆನೆಯೊ ಕಾಗದವನ್ನು ದೂರ ಹಿಡಿದು ಓದಿದ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಕೈಕುಲುಕುತ್ತಾನೇನೋ ಎಂದು ಅವಳು ಕೈ ಸ್ವಲ್ಪ ಮುಂದೆ ಮಾಡಿದ್ದಳು. ಅವನು ಕುಲುಕಲಿಲ್ಲ. “ನಾಳೆ ಬೆಳಿಗ್ಗೆ ಹದಿನೈದನ್ನೂ ಕೂತು ಕೇಳ್ಬೇಕು, ಕೆಲವು ಕಡೆ ಗರಗರ ಇದೆ. ಯಂತ್ರ ಸಿದ್ಧ ಇರ್ಲಿ,” ಎಂದು ಹೊರಗೆ ಹೋದ. ಹತ್ತೂವರೆಗೆ ಕರೆಂಟು ಹೋಯಿತು. ಅಷ್ಟರೊಳಗೆ ಅವಳು ಕೋಣೆಗೆ ಹೋಗಿ, ಏಳನೆಯ ಸಾಲಿನ ಆ ಪದ ತೆಗೆದು, ಮೇಲೆ ಟಿಪ್ಪಣಿ ಬರೆದು ಮುಗಿಸಿದ್ದಳು.

ಮರುದಿನ ಎಂಟು ಗಂಟೆಗೆ ಎರಿಬೆರ್ತೊನ ಫೋನು ಬಂತು. ಕರೆಂಟು ಬಂದಿದೆ, ಯಂತ್ರ ಏಳುತ್ತಿಲ್ಲ, ಕಪ್ಪು ಪರದೆ, ಪಾಸ್‌ವರ್ಡ್ ಕೇಳುತ್ತಿದೆ. ಅವನ ದನಿಯಲ್ಲಿ ಬೈಗುಳ ಇತ್ತು, ಆದರೆ ಬೈಯಲಿಲ್ಲ. “ಬರ್ತೀನಿ, ಮುಟ್ಟಬೇಡಿ,” ಎಂದಳು. ಸೈಕಲ್ಲು ಹತ್ತಿ ಬಂದಳು. ಬೆವರಿತು. ಒರೆಸಿಕೊಳ್ಳಲಿಲ್ಲ. ಇರೆನೆಯೊ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಕನ್ನಡಕ ಹಾಕಿಕೊಂಡು. ಅವಳು ಪೆಟ್ಟಿಗೆಯ ಅಡಾಪ್ಟರನ್ನು ಬಿಚ್ಚಿ ಹಾಕಿದಳು, ಡಿಸ್ಕು ಕಟಕ್ಕೆಂದು ಎದ್ದು ತಿರುಗತೊಡಗಿತು, ಪಾಸ್‌ವರ್ಡ್ ಹೊಡೆದಳು, ಯಂತ್ರ ನಡೆಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟಳು. “ಇದೆಯಾ?” ಎಂದ ಅವನು. ಇದೆ ಎನ್ನಲು ಬಾಯಿ ತೆರೆದವಳು, “ನೀನೇ ನೋಡು,” ಎಂದಳು. ಅವನು ಕೂತು, ಫೋಲ್ಡರು ತೆರೆದು, ಪರದೆಗೆ ಬೆರಳಿಟ್ಟು ಎಣಿಸತೊಡಗಿದ. ಒಂದು, ಎರಡು, ಮೂರು. ತಾನು ಕಟ್ಟಿದ ಯಂತ್ರವನ್ನು ತನ್ನೆದುರಿಗೇ ಒಬ್ಬ ಹೀಗೆ ನಂಬದೆ ಎಣಿಸುವುದನ್ನು ಅವಳು ಈವರೆಗೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವನ ಬೆನ್ನ ಹಿಂದೆ ನೆಟ್ಟಗೆ ನಿಂತಳು. ಹದಿನೈದು ಎಂದು ಅವನು ಕೈ ಕೆಳಗಿಳಿಸಿದ. ಆಮೇಲೆ ಏನನ್ನಿಸಿತೋ, ಮತ್ತೆ ಮೇಲಿನಿಂದ ಎಣಿಸತೊಡಗಿದ.

“ಎಣಿಸು,” ಎಂದಳು. “ನಾನು ಇಲ್ಲೇ ಇರ್ತೀನಿ.”